ಪ್ರಾಜೆಕ್ಟ್ ಗ್ರೂಪ್‌ನವರು ಯಾರ್ಯಾರಿದ್ದಾರೆ? ಯುನಿಕ್ಸ್‌ನಲ್ಲಿ ಗ್ರೂಪ್ ಹಿಡಿದು ಪ್ರೊಸೆಸ್ ಹುಡುಕುವ ಬಗೆ

ರಾತ್ರಿ ಹತ್ತೂವರೆಗೆ ಫೋನ್ ಬಂತು. ನಮ್ಮಲ್ಲಿ ಹೊಸದಾಗಿ ಸೇರಿದ್ದ ಹುಡುಗ. ಅವತ್ತು ಲಿನಕ್ಸ್ ಸರ್ವರ್‌ನ ಒಂದು ಡಿಸ್ಕ್ ಬದಲಾಯಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಆ ಡಿಸ್ಕ್ ಬಳಸುತ್ತಿದ್ದವರು 'ಪ್ರಾಜೆಕ್ಟ್' ಅನ್ನುವ ಗ್ರೂಪ್‌ನವರು ಮಾತ್ರ.

"ಸಾರ್, ಪ್ರಾಜೆಕ್ಟ್ ಗ್ರೂಪ್‌ನವರು ಯಾರೂ ಇಲ್ಲ. ಮಷೀನ್ ಆಫ್ ಮಾಡ್ಲಾ?"

"ಹೇಗೆ ನೋಡ್ದೆ?"

"ಪಿಎಸ್ ಮೈನಸ್ ಕ್ಯಾಪಿಟಲ್ ಜಿ, ಆಮೇಲೆ ಪ್ರಾಜೆಕ್ಟ್. ಹೆಡಿಂಗ್ ಮಾತ್ರ ಬಂತು. ಕೆಳಗೆ ಒಂದು ಲೈನೂ ಇಲ್ಲ."

"ಸ್ವಲ್ಪ ತಡಿಯಪ್ಪ. ಏನನ್ನೂ ಮುಟ್ಟಬೇಡ."

ತಡೆದದ್ದಕ್ಕೆ ಕಾರಣ ಇತ್ತು. ಕೆಲವು ವರ್ಷಗಳ ಹಿಂದೆ ನಾನೂ ಇದೇ ಕಮಾಂಡ್ ಕೊಟ್ಟು, ಇದೇ ಖಾಲಿ ಪಟ್ಟಿ ನೋಡಿ, ಒಂದು ಮಷೀನ್ ರೀಬೂಟ್ ಮಾಡಿದ್ದೆ. ಮೂರು ದಿನದಿಂದ ಓಡುತ್ತಿದ್ದ ಒಬ್ಬರ ಲೆಕ್ಕ ನೀರಲ್ಲಿ ಹೋಮ ಆಯಿತು. ಅವರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಪಿಎಸ್ ಅಂದರೆ ಮಷೀನ್‌ನಲ್ಲಿ ಓಡುತ್ತಿರುವ ಪ್ರೋಗ್ರಾಂಗಳ, ಅಂದರೆ ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಕಮಾಂಡ್. ಅದು ನನಗೆ ಸುಳ್ಳು ಹೇಳಿರಲಿಲ್ಲ. ಕೇಳಿದ್ದಕ್ಕೆ ಸರಿಯಾಗೇ ಉತ್ತರ ಕೊಟ್ಟಿತ್ತು. ಆದರೆ ನಾನು ಮನಸ್ಸಿನಲ್ಲಿ ಇಟ್ಟುಕೊಂಡ ಪ್ರಶ್ನೆಯೇ ಬೇರೆ, ಕೀಬೋರ್ಡ್‌ನಲ್ಲಿ ಕೇಳಿದ ಪ್ರಶ್ನೆಯೇ ಬೇರೆ. "ಈ ಗ್ರೂಪ್‌ನ ಪ್ರೊಸೆಸ್‌ಗಳು ಯಾವುವು" ಅನ್ನುವ ಒಂದು ಸಾಲಿನೊಳಗೆ ಮೂರು ಪ್ರಶ್ನೆಗಳು ಅಡಗಿ ಕೂತಿವೆ. ಅವತ್ತು ಫೋನಲ್ಲಿ ಹುಡುಗನಿಗೆ ಬಿಡಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನೂ ಫೋನಲ್ಲಿ ಹೇಳಿದ ಹಾಗೇ ಬರೆದಿದ್ದೇನೆ, ಟೈಪ್ ಮಾಡುವಾಗ ನೀವು ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ. ಕ್ಯಾಪಿಟಲ್ ಜಿ ಎಲ್ಲಿ, ಸ್ಮಾಲ್ ಜಿ ಎಲ್ಲಿ ಅನ್ನುವುದರ ಮೇಲೆ ಮಾತ್ರ ಒಂದು ಕಣ್ಣಿರಲಿ.

ರೇಷನ್ ಕಾರ್ಡ್ ಮತ್ತು ಹಾಲಿನ ಸೊಸೈಟಿ

ಮೊದಲು ಗ್ರೂಪ್ ಅಂದರೆ ಏನು ಅಂತ ನೋಡೋಣ. ಯುನಿಕ್ಸ್‌ನಲ್ಲಿ, ಅದರ ದಾರಿಯಲ್ಲೇ ನಡೆಯುವ ಲಿನಕ್ಸ್‌ನಲ್ಲೂ, ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಮುಖ್ಯ ಗ್ರೂಪ್ ಇರುತ್ತದೆ. ಅದನ್ನು ಪ್ರೈಮರಿ ಗ್ರೂಪ್ ಅನ್ನುತ್ತಾರೆ. ಇಟಿಸಿ ಡೈರೆಕ್ಟರಿಯಲ್ಲಿರುವ ಪಾಸ್‌ವರ್ಡ್ ಫೈಲ್‌ನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಾಲು ಇರುತ್ತದಲ್ಲ, ಅದರ ನಾಲ್ಕನೇ ಮನೆಯಲ್ಲಿ ಈ ಗ್ರೂಪ್‌ನ ನಂಬರ್ ಇರುತ್ತದೆ. ಒಬ್ಬರಿಗೆ ಒಂದೇ.

ಇದಲ್ಲದೆ ಒಬ್ಬರು ಇನ್ನೂ ಹತ್ತಾರು ಗ್ರೂಪ್‌ಗಳಲ್ಲಿ ಸದಸ್ಯರಾಗಿರಬಹುದು. ಅವು ಸಪ್ಲಿಮೆಂಟರಿ ಗ್ರೂಪ್‌ಗಳು, ಅಂದರೆ ಹೆಚ್ಚುವರಿ ಗ್ರೂಪ್‌ಗಳು. ಅವುಗಳ ಪಟ್ಟಿ ಅದೇ ಡೈರೆಕ್ಟರಿಯ ಗ್ರೂಪ್ ಫೈಲ್‌ನಲ್ಲಿದೆ. ಅದರ ಒಂದು ಸಾಲು ಹೀಗಿರುತ್ತದೆ ಅಂದುಕೊಳ್ಳಿ:

ಪ್ರಾಜೆಕ್ಟ್:ಎಕ್ಸ್:1500:ರವಿ,ಉಷಾ,ಮಂಜು

ಮೊದಲು ಗ್ರೂಪ್‌ನ ಹೆಸರು, ಆಮೇಲೆ ಪಾಸ್‌ವರ್ಡ್‌ನ ಜಾಗ, ಮೂರನೆಯದು ನಂಬರ್, ಕೊನೆಗೆ ಸದಸ್ಯರ ಹೆಸರುಗಳು. ನಂಬರ್‌ಗೆ ಜಿಐಡಿ ಅನ್ನುತ್ತಾರೆ.

ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಪ್ರೈಮರಿ ಗ್ರೂಪ್ ಅಂದರೆ ರೇಷನ್ ಕಾರ್ಡ್‌ನಲ್ಲಿರುವ ವಿಳಾಸ. ಒಬ್ಬರಿಗೆ ಒಂದೇ ಇರುವುದು. ಹೆಚ್ಚುವರಿ ಗ್ರೂಪ್‌ಗಳೆಂದರೆ ಹಾಲಿನ ಸೊಸೈಟಿ, ಗಣಪತಿ ಕಮಿಟಿ, ಯುವಕ ಸಂಘದ ಸದಸ್ಯತ್ವ. ಎಷ್ಟು ಬೇಕಾದರೂ ಇರಬಹುದು. ಈಗ ಯಾರಾದರೂ ರೇಷನ್ ಕಾರ್ಡ್‌ಗಳನ್ನು ತೆಗೆದು, "ವಿಳಾಸದಲ್ಲಿ ಹಾಲಿನ ಸೊಸೈಟಿ ಅಂತ ಬರೆದಿರುವವರು ಯಾರು" ಅಂತ ಹುಡುಕಿದರೆ ಒಬ್ಬರೂ ಸಿಗುವುದಿಲ್ಲ. ಹಾಗಂತ ಸೊಸೈಟಿಯಲ್ಲಿ ಸದಸ್ಯರೇ ಇಲ್ಲ ಅನ್ನೋಕಾಗುತ್ತಾ? ನಮ್ಮ ಹುಡುಗ ಮಾಡಿದ್ದು ಇದನ್ನೇ.

ಹಾಗಾದರೆ ಪಿಎಸ್ ಒಂದೇ ಗ್ರೂಪ್ ಯಾಕೆ ನೋಡುತ್ತದೆ? ಹಳೆಯ ಕಾಲದಲ್ಲಿ ಆ ಲೆಕ್ಕ ಸರಿಯಾಗೇ ಇತ್ತು. ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಆ ಸಾಲಿನ ಯುನಿಕ್ಸ್‌ಗಳಲ್ಲಿ ತುಂಬಾ ದಿನ ಒಬ್ಬ ಮನುಷ್ಯ ಒಂದು ಹೊತ್ತಿಗೆ ಒಂದೇ ಗ್ರೂಪ್‌ನಲ್ಲಿ ಇರಬಹುದಿತ್ತು. ಬೇರೆ ಗ್ರೂಪ್‌ನ ಕೆಲಸ ಮಾಡಬೇಕಾದರೆ ನ್ಯೂಜಿಆರ್‌ಪಿ ಅನ್ನುವ ಕಮಾಂಡ್ ಕೊಟ್ಟು ಅಂಗಿ ಬದಲಾಯಿಸಿದ ಹಾಗೆ ಗ್ರೂಪ್ ಬದಲಾಯಿಸಬೇಕಿತ್ತು. ಒಂದೇ ಸಲಕ್ಕೆ ಹಲವು ಗ್ರೂಪ್‌ಗಳಲ್ಲಿ ಇರುವ ಅನುಕೂಲ ಬಂದದ್ದು ಬರ್ಕ್ಲಿ ವಿಶ್ವವಿದ್ಯಾಲಯದವರು 1983ರಲ್ಲಿ ಹೊರತಂದ 4.2 ಬಿಎಸ್‌ಡಿ ಅನ್ನುವ ಯುನಿಕ್ಸ್‌ನಿಂದ. ಅದಕ್ಕೂ ಮೊದಲು "ಈ ಪ್ರೊಸೆಸ್‌ನ ಗ್ರೂಪ್ ಯಾವುದು" ಅಂದರೆ ಉತ್ತರ ಸಲೀಸು.

ಇವತ್ತಿನ ಲಿನಕ್ಸ್ ಕಥೆ ಪೂರ್ತಿ ಉಲ್ಟಾ. ರೆಡ್ ಹ್ಯಾಟ್, ಡೆಬಿಯನ್, ಉಬುಂಟು ಇವುಗಳಲ್ಲಿ ಹೊಸ ಅಕೌಂಟ್ ಮಾಡಿದರೆ ಅದೇ ಹೆಸರಿನ ಗ್ರೂಪ್ ಒಂದು ತಾನಾಗೇ ಹುಟ್ಟುತ್ತದೆ. ರವಿಯ ಪ್ರೈಮರಿ ಗ್ರೂಪ್‌ನ ಹೆಸರೂ ರವಿ. ಆ ಗ್ರೂಪ್‌ನಲ್ಲಿ ಅವನೊಬ್ಬನೇ. ತಂಡಕ್ಕೆ ಸಂಬಂಧಪಟ್ಟ ಗ್ರೂಪ್‌ಗಳೆಲ್ಲ ಹೆಚ್ಚುವರಿ ಪಟ್ಟಿಗೆ ಹೋಗುತ್ತವೆ. ಮ್ಯಾಕ್‌ನಲ್ಲಿ ಇನ್ನೊಂದು ತಮಾಷೆ. ಅಲ್ಲಿ ಸಾಮಾನ್ಯ ಬಳಕೆದಾರರ ಪ್ರೈಮರಿ ಗ್ರೂಪ್ 'ಸ್ಟಾಫ್', ನಂಬರ್ 20. ಅಲ್ಲಿ ಪಿಎಸ್‌ಗೆ ಕ್ಯಾಪಿಟಲ್ ಜಿ ಜೊತೆ ಸ್ಟಾಫ್ ಅಂತ ಕೊಟ್ಟರೆ ನಿಮ್ಮದು ಅನ್ನುವ ಪ್ರೊಸೆಸ್‌ಗಳೆಲ್ಲ ದಬದಬ ಬಂದು ಬೀಳುತ್ತವೆ. ಒಂದು ಕಡೆ ಯಾರೂ ಇಲ್ಲ, ಇನ್ನೊಂದು ಕಡೆ ಎಲ್ಲರೂ ಇದ್ದಾರೆ. ಕಮಾಂಡ್ ಅದೇ.

ಪ್ರೊಸೆಸ್‌ನ ಜೇಬಿನಲ್ಲಿ ಏನಿದೆ

ಮನುಷ್ಯರ ಗ್ರೂಪ್ ಆಯಿತು. ಪ್ರೊಸೆಸ್‌ಗೆ ಗ್ರೂಪ್ ಎಲ್ಲಿಂದ ಬರುತ್ತದೆ?

ಲಿನಕ್ಸ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಪ್ರೊಕ್ ಅನ್ನುವ ಡೈರೆಕ್ಟರಿಯಲ್ಲಿ ಓಡುತ್ತಿರುವ ಒಂದೊಂದು ಪ್ರೊಸೆಸ್‌ಗೂ ಅದರ ನಂಬರ್‌ನ ಒಂದು ಡೈರೆಕ್ಟರಿ ಇದೆ. ಅದರೊಳಗೆ ಸ್ಟೇಟಸ್ ಅಂತ ಒಂದು ಫೈಲ್. ಪ್ರೊಸೆಸ್‌ಗಳನ್ನು ಫೈಲ್‌ಗಳ ಹಾಗೆ ತೆರೆದಿಡುವ ಈ ಉಪಾಯವನ್ನು ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ 1984ರಲ್ಲಿ ವಿವರಿಸಿದರು. ಅದಕ್ಕೂ ಮೊದಲು ಪಿಎಸ್ ಪಾಪ ಕರ್ನೆಲ್‌ನ, ಅಂದರೆ ಸಿಸ್ಟಂನ ತಿರುಳಿನ, ಮೆಮೊರಿಗೇ ಕೈ ಹಾಕಿ ವಿಷಯ ಹೆಕ್ಕಿ ತರಬೇಕಿತ್ತು. ಲಿನಕ್ಸ್‌ನಲ್ಲಿ ಪಿಎಸ್, ಟಾಪ್ ಎಲ್ಲವೂ ಓದುವುದು ಈ ಪ್ರೊಕ್ ಅನ್ನೇ.

ರವಿಯ ಒಂದು ಶೆಲ್, ಅಂದರೆ ಅವನು ಟೈಪ್ ಮಾಡಿದ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ, ತೆಗೆದುಕೊಳ್ಳಿ. ಅದರ ಸ್ಟೇಟಸ್ ಫೈಲ್‌ನಲ್ಲಿ ನಮಗೆ ಬೇಕಾದ ಎರಡು ಸಾಲು ಹೀಗಿರುತ್ತವೆ:

ಜಿಐಡಿ: 1001 1001 1001 1001
ಗ್ರೂಪ್ಸ್: 1001 1500

1001 ಅಂದರೆ ರವಿ ಅನ್ನುವ ಗ್ರೂಪ್. 1500 ಅಂದರೆ ಪ್ರಾಜೆಕ್ಟ್.

ಮೊದಲ ಸಾಲಿನಲ್ಲಿ ಒಂದೇ ನಂಬರ್ ನಾಲ್ಕು ಸಲ ಯಾಕಿದೆ? ಒಂದೊಂದಕ್ಕೂ ಅರ್ಥ ಬೇರೆ. ಮೊದಲನೆಯದು ರಿಯಲ್ ಜಿಐಡಿ. ಪ್ರೋಗ್ರಾಂ ಶುರು ಮಾಡಿದವರ ಗ್ರೂಪ್. ಎರಡನೆಯದು ಎಫೆಕ್ಟಿವ್ ಜಿಐಡಿ. ಈಗ ಯಾವ ಗ್ರೂಪ್‌ನ ಅಧಿಕಾರದಲ್ಲಿ ಕೆಲಸ ನಡೆಯುತ್ತಿದೆ ಅನ್ನುವುದು. ಮೂರನೆಯದು ಬಿಟ್ಟ ಅಧಿಕಾರವನ್ನು ವಾಪಸ್ ತೆಗೆದುಕೊಳ್ಳಲು ಉಳಿಸಿಟ್ಟ ನಂಬರ್. ನಾಲ್ಕನೆಯದು ಫೈಲ್ ಮುಟ್ಟುವಾಗ ಲಿನಕ್ಸ್ ನೋಡುವ ನಂಬರ್, ಹೆಚ್ಚೂಕಮ್ಮಿ ಯಾವಾಗಲೂ ಎರಡನೆಯದೇ ಆಗಿರುತ್ತದೆ. ಕೊನೆಯ ಎರಡನ್ನು ಮರೆತುಬಿಡಿ. ಇಷ್ಟು ವರ್ಷದಲ್ಲಿ ನನಗೆ ಅವು ಬೇಕಾಗಿದ್ದು ತೀರಾ ಕಡಿಮೆ.

ರಿಯಲ್ ಮತ್ತು ಎಫೆಕ್ಟಿವ್ ಬೇರೆ ಬೇರೆ ಆಗುವುದು ಒಂದು ವಿಶೇಷ ಬಿಟ್ ಇರುವ ಪ್ರೋಗ್ರಾಂಗಳಲ್ಲಿ. ಓಡಿಸಿದವರ ಅಧಿಕಾರದ ಬದಲು ಫೈಲ್‌ನ ಒಡೆಯರ ಅಧಿಕಾರದಲ್ಲಿ ಪ್ರೋಗ್ರಾಂ ಓಡಲಿ ಅನ್ನುವ ಈ ಯೋಚನೆ ಡೆನಿಸ್ ರಿಚಿಯವರದು. ಅವರ ಹೆಸರಿನಲ್ಲಿ 1973ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ, 1979ರಲ್ಲಿ ಪೇಟೆಂಟ್ ಸಿಕ್ಕಿತು. ಬಳಕೆದಾರನಿಗೆ ಇದನ್ನು ಮಾಡುವುದು ಸೆಟ್‌ಯುಐಡಿ, ಗ್ರೂಪ್‌ಗೆ ಮಾಡುವುದು ಸೆಟ್‌ಜಿಐಡಿ.

ಹೇಳಿದರೆ ತಲೆಗೆ ಹೋಗುವುದು ಕಷ್ಟ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ, ಐದು ನಿಮಿಷದ ಕೆಲಸ. ರವಿಯಾಗಿ ಲಾಗಿನ್ ಆಗಿ, ಸ್ಲೀಪ್ ಪ್ರೋಗ್ರಾಂನ ಒಂದು ಕಾಪಿಯನ್ನು ನಿಮ್ಮ ಹೋಮ್ ಡೈರೆಕ್ಟರಿಗೆ ತಂದುಕೊಳ್ಳಿ. ಸಿಎಚ್‌ಜಿಆರ್‌ಪಿ ಕೊಟ್ಟು ಆ ಕಾಪಿಯ ಗ್ರೂಪ್ ಅನ್ನು ಪ್ರಾಜೆಕ್ಟ್ ಅಂತ ಬದಲಾಯಿಸಿ. ಆಮೇಲೆ ಸಿಎಚ್‌ಮಾಡ್ ಜಿ ಪ್ಲಸ್ ಎಸ್ ಕೊಟ್ಟು ಸೆಟ್‌ಜಿಐಡಿ ಬಿಟ್ ಹಾಕಿ. ಇದೇ ಕ್ರಮದಲ್ಲಿ ಮಾಡಿ. ಬಿಟ್ ಮೊದಲು ಹಾಕಿ ಆಮೇಲೆ ಗ್ರೂಪ್ ಬದಲಾಯಿಸಿದರೆ, ಸುರಕ್ಷತೆಗೆ ಅಂತ ಲಿನಕ್ಸ್ ಆ ಬಿಟ್ ಅನ್ನು ಒರೆಸಿಬಿಡುತ್ತದೆ. ನಾನು ಮೊದಲ ಸಲ ಮಾಡಿದಾಗ ಅರ್ಧ ಗಂಟೆ ತಲೆ ಕೆರೆದುಕೊಂಡದ್ದು ಇಲ್ಲೇ. ಈಗ ಆ ಸ್ಲೀಪ್ ಅನ್ನು 300 ಸೆಕೆಂಡಿಗೆ ಹಿಂದುಗಡೆ ಓಡಲು ಬಿಡಿ. ಅದರ ಸ್ಟೇಟಸ್ ತೆರೆದರೆ ಹೀಗಿರುತ್ತದೆ:

ಜಿಐಡಿ: 1001 1500 1500 1500

ಓಡಿಸಿದವನು ರವಿ, ಹಾಗಾಗಿ ರಿಯಲ್ 1001. ಅಧಿಕಾರ ಪ್ರಾಜೆಕ್ಟ್‌ನದು, ಹಾಗಾಗಿ ಎಫೆಕ್ಟಿವ್ 1500.

ಈಗ ಪಿಎಸ್‌ಗೆ ಬನ್ನಿ. ಪಿಎಸ್ ಮೈನಸ್ ಕ್ಯಾಪಿಟಲ್ ಜಿ ಪ್ರಾಜೆಕ್ಟ್. ಸ್ಲೀಪ್ ಕಾಣುವುದಿಲ್ಲ. ಕ್ಯಾಪಿಟಲ್ ಜಿ ನೋಡುವುದು ರಿಯಲ್ ಜಿಐಡಿ ಮಾತ್ರ. ಪಿಎಸ್ ಮೈನಸ್ ಮೈನಸ್ ಗ್ರೂಪ್ ಪ್ರಾಜೆಕ್ಟ್ ಅಂತ ಕೊಡಿ, ಗ್ರೂಪ್ ಅನ್ನುವುದು ಪೂರ್ತಿ ಸ್ಮಾಲ್ ಅಕ್ಷರದಲ್ಲಿ. ಸ್ಲೀಪ್ ಕಂಡಿತು. ಇದು ಎಫೆಕ್ಟಿವ್ ಜಿಐಡಿ ನೋಡುತ್ತದೆ. ಅದೇ ಪದದ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡಿದರೆ ಮತ್ತೆ ರಿಯಲ್. ಒಂದು ಅಕ್ಷರದ ಗಾತ್ರದಲ್ಲಿ ಅರ್ಥ ಬದಲಾಗುವ ಈ ಚಾಳಿ ಯುನಿಕ್ಸ್‌ನದೇ ಸೊತ್ತು. ಇಂಥದ್ದನ್ನು ಬರೆದವರು ಫೋನಲ್ಲಿ ಯಾರಿಗೂ ಬಿಡಿಸಿ ಹೇಳಿರಲಿಕ್ಕಿಲ್ಲ.

ಇನ್ನೊಂದು ಪ್ರಯೋಗ. ನ್ಯೂಜಿಆರ್‌ಪಿ ಪ್ರಾಜೆಕ್ಟ್ ಅಂತ ಕೊಡಿ. ಹೊಸ ಶೆಲ್ ಒಂದು ತೆರೆಯುತ್ತದೆ. ಅದರ ರಿಯಲ್ಲೂ 1500, ಎಫೆಕ್ಟಿವ್ವೂ 1500. ಅಲ್ಲಿಂದ ಪಿಎಸ್ ಕ್ಯಾಪಿಟಲ್ ಜಿ ಕೊಟ್ಟರೆ ಶೆಲ್ ಕಾಣುತ್ತದೆ, ಪಿಎಸ್ ತನ್ನನ್ನೂ ತಾನೇ ಪಟ್ಟಿಯಲ್ಲಿ ತೋರಿಸುತ್ತದೆ. ನಾಲ್ಕು ದಶಕದ ಹಿಂದಿನ ಪ್ರಪಂಚಕ್ಕೆ ಹೋಗಿ ನಿಂತ ಹಾಗೆ. ಅಲ್ಲಿ ಈ ಕಮಾಂಡ್ ಸರಿಯಾಗೇ ಕೆಲಸ ಮಾಡುತ್ತದೆ.

ಆದರೆ ರವಿಯ ಮಾಮೂಲಿ ಶೆಲ್, ಅವನ ಪೈಥಾನ್ ಪ್ರೋಗ್ರಾಂ, ಅವನ ಎಡಿಟರ್ ಯಾವುದರಲ್ಲೂ 1500 ಮೊದಲ ಸಾಲಿನಲ್ಲಿ ಇಲ್ಲ. ಅದು ಇರುವುದು ಎರಡನೇ ಸಾಲಿನಲ್ಲಿ, ಗ್ರೂಪ್ಸ್ ಅನ್ನುವ ಕಡೆ. ಆ ಸಾಲನ್ನು ಪಿಎಸ್‌ನ ಈ ಆಪ್ಷನ್‌ಗಳು ತಿರುಗಿಯೂ ನೋಡುವುದಿಲ್ಲ. ಹಾಗಿದ್ದರೂ ಪ್ರಾಜೆಕ್ಟ್‌ನ ಫೈಲ್‌ಗಳನ್ನು ತೆರೆಯಲು, ಬರೆಯಲು ಆ ಸಾಲಿನಲ್ಲಿ ಹೆಸರಿದ್ದರೆ ಸಾಕು. ಅಧಿಕಾರ ಪೂರ್ತಿ ಇದೆ, ಪಟ್ಟಿಯಲ್ಲಿ ಹೆಸರಿಲ್ಲ. ಖಾಲಿ ಪಟ್ಟಿಯ ಗುಟ್ಟು ಇಷ್ಟೇ.

ಸ್ಮಾಲ್ ಜಿ ಅನ್ನುವ ತಲೆನೋವು

ಸ್ಮಾಲ್ ಜಿ ಬಗ್ಗೆ ಹೇಳದಿದ್ದರೆ ಆಗದು, ಯಾಕೆಂದರೆ ಎಲ್ಲರೂ ಮೊದಲು ಒತ್ತುವುದು ಅದನ್ನೇ. ಲಿನಕ್ಸ್‌ನ ಪಿಎಸ್‌ನಲ್ಲಿ ಮೈನಸ್ ಸ್ಮಾಲ್ ಜಿ ಜೊತೆ ಹೆಸರು ಕೊಟ್ಟರೆ ಅದು ಎಫೆಕ್ಟಿವ್ ಗ್ರೂಪ್ ಅಂತ ತಿಳಿದುಕೊಳ್ಳುತ್ತದೆ. ಬರೀ ನಂಬರ್ ಕೊಟ್ಟರೆ ಸೆಷನ್ ನಂಬರ್ ಅಂತ ತಿಳಿದುಕೊಳ್ಳುತ್ತದೆ. ಸೆಷನ್ ಅಂದರೆ ಒಂದು ಲಾಗಿನ್‌ನಿಂದ ಹುಟ್ಟಿದ ಪ್ರೊಸೆಸ್‌ಗಳ ಗುಂಪು. ಅದಕ್ಕೂ ನಮ್ಮ ಗ್ರೂಪ್‌ಗೂ ಸಂಬಂಧವೇ ಇಲ್ಲ. ಹಾಗಾದರೆ ಜಿಐಡಿ ನಂಬರ್ ಕೊಡಲೇಬೇಕು ಅಂದರೆ? ಜೊತೆಗೆ ಯಾವುದಾದರೂ ಒಂದು ಗ್ರೂಪ್‌ನ ಹೆಸರೂ ಸೇರಿಸಿದರೆ ಆಗ ನಂಬರ್ ಅನ್ನೂ ಗ್ರೂಪ್ ಅಂತ ಒಪ್ಪಿಕೊಳ್ಳುತ್ತದೆ. ಇದು ನಾನು ಕಟ್ಟಿದ ಕಥೆ ಅಲ್ಲ, ಪಿಎಸ್‌ನ ಮ್ಯಾನ್ ಪೇಜ್‌ನಲ್ಲೇ ಇದೆ. ಸ್ಟ್ಯಾಂಡರ್ಡ್ ಹೇಳುವುದು ಸೆಷನ್, ಬೇರೆ ಕೆಲವು ಸಿಸ್ಟಂಗಳು ಮಾಡುತ್ತಿದ್ದದ್ದು ಗ್ರೂಪ್. ಇಬ್ಬರನ್ನೂ ಸಮಾಧಾನ ಮಾಡಲು ಹೋಗಿ ಹೀಗಾಗಿದೆ. ನನ್ನ ಸಲಹೆ: ಪಿಎಸ್‌ನಲ್ಲಿ ಸ್ಮಾಲ್ ಜಿ ಬಳಸಲೇಬೇಡಿ.

ಪ್ರೊಸೆಸ್ ಹುಡುಕುವ ಪಿಗ್ರೆಪ್ ಮತ್ತು ಹುಡುಕಿ ಕೊಲ್ಲುವ ಪಿಕಿಲ್‌ನಲ್ಲಿ ಇದು ತಲೆನೋವಷ್ಟೇ ಅಲ್ಲ, ಅಪಾಯ. ಸೋಲಾರಿಸ್ 7 ಅನ್ನುವ ಯುನಿಕ್ಸ್‌ನಲ್ಲಿ ಮೊದಲು ಬಂದ ಈ ಜೋಡಿ ಕಮಾಂಡ್‌ಗಳಲ್ಲಿ ಕ್ಯಾಪಿಟಲ್ ಜಿ ಅಂದರೆ ರಿಯಲ್ ಜಿಐಡಿ. ಅಲ್ಲಿಯವರೆಗೆ ಸರಿ. ಸ್ಮಾಲ್ ಜಿ ಅಂದರೆ ಪ್ರೊಸೆಸ್ ಗ್ರೂಪ್. ಇದು ಹೆಸರಿನಲ್ಲಿ ಮಾತ್ರ ಗ್ರೂಪ್. ನೀವು ಶೆಲ್‌ನಲ್ಲಿ ಎರಡು ಮೂರು ಕಮಾಂಡ್‌ಗಳನ್ನು ಪೈಪ್‌ನಿಂದ ಜೋಡಿಸಿ ಓಡಿಸಿದಾಗ ಅವೆಲ್ಲ ಒಂದು ಪ್ರೊಸೆಸ್ ಗ್ರೂಪ್ ಆಗುತ್ತವೆ. ಕಂಟ್ರೋಲ್ ಸಿ ಒತ್ತಿದರೆ ಎಲ್ಲ ಒಟ್ಟಿಗೆ ಸಾಯಲಿ ಅಂತ ಮಾಡಿಕೊಂಡ ಏರ್ಪಾಡು ಅದು. ಈಗ ಯೋಚಿಸಿ: ಪ್ರಾಜೆಕ್ಟ್‌ನ ಜಿಐಡಿ 1500 ಅಂತ ಪಿಕಿಲ್ ಮೈನಸ್ ಸ್ಮಾಲ್ ಜಿ 1500 ಕೊಟ್ಟಿರಿ. ಆ ಹೊತ್ತಿಗೆ 1500 ನಂಬರ್‌ನ ಪ್ರೊಸೆಸ್ ಗ್ರೂಪ್ ಒಂದು ಇದ್ದು, ಅದು ಯಾರದ್ದೋ ಡೇಟಾಬೇಸ್ ಆಗಿದ್ದರೆ? ಎಲ್ಲ ಅಧಿಕಾರ ಇರುವ ರೂಟ್ ಆಗಿ ಕೂತಿದ್ದರೆ ಕಮಾಂಡ್ ಒಂದು ಮಾತೂ ಆಡದೆ ಕೆಲಸ ಮುಗಿಸುತ್ತದೆ. ಅದಕ್ಕೇ ಪಿಕಿಲ್ ಕೊಡುವ ಮೊದಲು ಅವೇ ಆಪ್ಷನ್‌ಗಳನ್ನು ಪಿಗ್ರೆಪ್‌ಗೆ ಕೊಟ್ಟು, ಮೈನಸ್ ಎ ಸೇರಿಸಿ, ಬರುವ ಪಟ್ಟಿಯನ್ನು ಓದಿ. ಇದನ್ನು ಅಭ್ಯಾಸ ಮಾಡಿಕೊಂಡವರು ಕಡಿಮೆ ಫೋನ್ ಮಾಡುತ್ತಾರೆ.

ಸಿಗ್ರೂಪ್ ಅಂತ ಇನ್ನೊಂದಿದೆ. ಗೂಗಲ್‌ನ ಇಬ್ಬರು ಎಂಜಿನಿಯರ್‌ಗಳು 2006ರಲ್ಲಿ ಶುರು ಮಾಡಿದ ಕೆಲಸ, 2008ರಲ್ಲಿ ಲಿನಕ್ಸ್ 2.6.24ರೊಳಗೆ ಬಂತು. ಒಂದಷ್ಟು ಪ್ರೊಸೆಸ್‌ಗಳು ಒಟ್ಟು ಎಷ್ಟು ಮೆಮೊರಿ, ಎಷ್ಟು ಸಿಪಿಯು ಬಳಸಬಹುದು ಅಂತ ಕಡಿವಾಣ ಹಾಕುವುದು ಅದರ ಕೆಲಸ. ಅದಕ್ಕೂ ಜಿಐಡಿಗೂ ನೆಂಟಸ್ತಿಕೆ ಇಲ್ಲ.

ಇನ್ನೊಂದು ಮಾತು. ಪಿಎಸ್‌ಗೆ ಎರಡು ಶರತ್ತು ಕೊಟ್ಟರೆ ಅದು ಎರಡನ್ನೂ ಕೂಡಿಸುತ್ತದೆ. ಪ್ರಾಜೆಕ್ಟ್ ಗ್ರೂಪ್, ಮತ್ತು ರವಿ ಅಂತ ಕೇಳಿದರೆ ಗ್ರೂಪ್‌ಗೆ ಸೇರಿದ್ದೂ ಬರುತ್ತದೆ, ರವಿಯದೂ ಬರುತ್ತದೆ. ಪಿಗ್ರೆಪ್ ಹಾಗಲ್ಲ, ಎರಡೂ ಶರತ್ತು ಹೊಂದಿದರೆ ಮಾತ್ರ ತೋರಿಸುತ್ತದೆ. ಒಂದನ್ನು ಕಲಿತು ಅದೇ ಲೆಕ್ಕದಲ್ಲಿ ಇನ್ನೊಂದಕ್ಕೆ ಹೋದರೆ ಎಡವುತ್ತೀರಿ.

ಹಾಗಾದರೆ ಹೇಗೆ ಹುಡುಕುವುದು

ನಿಮಗೆ ಬೇಕಾದದ್ದು ಯಾವುದು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಬಹಳಷ್ಟು ಸಲ ನಮಗೆ ಬೇಕಾಗುವುದು "ಪ್ರಾಜೆಕ್ಟ್‌ನಲ್ಲಿ ಹೆಸರಿರುವ ಮನುಷ್ಯರು ಏನೇನು ಓಡಿಸುತ್ತಿದ್ದಾರೆ" ಅನ್ನುವುದು. ಇದು ಪ್ರೊಸೆಸ್‌ನ ಗ್ರೂಪ್ ಬಗ್ಗೆ ಪ್ರಶ್ನೆಯೇ ಅಲ್ಲ, ಮನುಷ್ಯರ ಬಗ್ಗೆ. ಹಾಗಾಗಿ ಮೊದಲು ಸದಸ್ಯರ ಹೆಸರು ತೆಗೆಯಬೇಕು, ಆಮೇಲೆ ಆ ಹೆಸರುಗಳನ್ನು ಪಿಎಸ್‌ಗೆ ಕೊಡಬೇಕು.

ಇದಕ್ಕೊಂದು ಚಂದದ ಕಾಕತಾಳೀಯ ಇದೆ. ಗ್ರೂಪ್ ಫೈಲ್‌ನ ನಾಲ್ಕನೇ ಮನೆಯಲ್ಲಿ ಹೆಸರುಗಳು ಕಾಮಾ ಹಾಕಿ ಬರೆದಿರುತ್ತವೆ. ಪಿಎಸ್‌ನ ಮೈನಸ್ ಯು ಆಪ್ಷನ್‌ಗೂ ಹೆಸರುಗಳನ್ನು ಕಾಮಾ ಹಾಕಿ ಕೊಡಬಹುದು. ಅಂದರೆ ಅಲ್ಲಿಂದ ಎತ್ತಿ ಇಲ್ಲಿ ಇಟ್ಟರೆ ಆಯಿತು. ಗೆಟ್‌ಎಂಟ್ ಗ್ರೂಪ್ ಪ್ರಾಜೆಕ್ಟ್ ಅಂದರೆ ಆ ಸಾಲು ಬರುತ್ತದೆ. ಅದನ್ನು ಪೈಪ್ ಮೂಲಕ ಕಟ್ ಕಮಾಂಡ್‌ಗೆ ಕಳಿಸಿ, ಕೋಲನ್‌ನಲ್ಲಿ ಒಡೆದು ನಾಲ್ಕನೆಯದನ್ನು ತೆಗೆಯಿರಿ. ಇಷ್ಟನ್ನೂ ಡಾಲರ್ ಗುರುತಿನ ಮುಂದೆ ಬ್ರ್ಯಾಕೆಟ್‌ನಲ್ಲಿ ಹಾಕಿ ಪಿಎಸ್ ಮೈನಸ್ ಯು ಆದಮೇಲೆ ಇಡಿ. ಒಂದೇ ಸಾಲಿನಲ್ಲಿ ಕೆಲಸ ಆಯಿತು. ಫೈಲ್ ನೇರ ಓದುವ ಬದಲು ಗೆಟ್‌ಎಂಟ್ ಬಳಸಲು ಕಾರಣ ಇದೆ. ದೊಡ್ಡ ಆಫೀಸುಗಳಲ್ಲಿ ಅಕೌಂಟ್‌ಗಳು ಆ ಮಷೀನ್‌ನ ಫೈಲ್‌ನಲ್ಲಿ ಇರುವುದೇ ಇಲ್ಲ, ಎಲ್ಲರ ಅಕೌಂಟ್‌ಗಳನ್ನು ಒಂದೇ ಕಡೆ ಇಡುವ ಎಲ್‌ಡ್ಯಾಪ್ ಸರ್ವರ್‌ನಲ್ಲಿ ಎಲ್ಲೋ ಇರುತ್ತವೆ. ಗೆಟ್‌ಎಂಟ್ ಎರಡೂ ಕಡೆ ಕೇಳಿಕೊಂಡು ಬರುತ್ತದೆ.

ಈ ಉಪಾಯದಲ್ಲಿ ಒಂದು ತೂತು ಇದೆ. ಯಾರಿಗೆ ಪ್ರಾಜೆಕ್ಟ್ ಅನ್ನುವುದೇ ಪ್ರೈಮರಿ ಗ್ರೂಪ್ ಆಗಿದೆಯೋ ಅವರ ಹೆಸರು ಸಾಮಾನ್ಯವಾಗಿ ಈ ನಾಲ್ಕನೇ ಮನೆಯಲ್ಲಿ ಇರುವುದಿಲ್ಲ. ಮನೆಯವರನ್ನು ಅತಿಥಿಗಳ ಪಟ್ಟಿಯಲ್ಲಿ ಬರೆಯುವುದಿಲ್ಲವಲ್ಲ, ಹಾಗೆ. ಅವರನ್ನು ಹುಡುಕಲು ಪಾಸ್‌ವರ್ಡ್ ಫೈಲ್‌ನಲ್ಲಿ ನಾಲ್ಕನೇ ಮನೆ 1500 ಇರುವ ಸಾಲುಗಳನ್ನು ಸಾಲುಗಳನ್ನು ಸೋಸುವ ಆಕ್ ಕಮಾಂಡ್ ಕೊಟ್ಟು ತೆಗೆಯಬೇಕು. ಎಲ್‌ಡ್ಯಾಪ್ ಇದ್ದು, ಮಧ್ಯೆ ಅಲ್ಲಿಂದ ಹೆಸರು ತಂದುಕೊಡುವ ಎಸ್‌ಎಸ್‌ಎಸ್‌ಡಿ ಅನ್ನುವ ಪ್ರೋಗ್ರಾಂ ಕೂತಿದ್ದರೆ ಅದೂ ಕಷ್ಟ. "ಎಲ್ಲರ ಪಟ್ಟಿ ಕೊಡು" ಅಂದರೆ ಅದು ಮಾಮೂಲಿ ಸೆಟ್ಟಿಂಗ್‌ನಲ್ಲಿ ಕೊಡುವುದಿಲ್ಲ, ಹೆಸರು ಹಿಡಿದು ಕೇಳಿದರೆ ಮಾತ್ರ ಕೊಡುತ್ತದೆ.

ಇನ್ನು, ಮೈನಸ್ ಸ್ಮಾಲ್ ಯು ನೋಡುವುದು ಎಫೆಕ್ಟಿವ್ ಬಳಕೆದಾರನನ್ನು, ಕ್ಯಾಪಿಟಲ್ ಯು ನೋಡುವುದು ರಿಯಲ್ ಬಳಕೆದಾರನನ್ನು. ಪಿಎಸ್ ಹೇಗೂ ಕೂಡಿಸುತ್ತದಲ್ಲ, ಎರಡನ್ನೂ ಕೊಟ್ಟುಬಿಡಿ. ಹಾಗೆ ಮಾಡಿದರೂ ಸುಡೋ ಹಾಕಿ ರೂಟ್ ಆಗಿ ಓಡಿಸಿದ್ದು ತಪ್ಪಿಸಿಕೊಳ್ಳುತ್ತದೆ. ಅಲ್ಲಿ ಎರಡೂ ರೂಟೇ.

ಎರಡನೇ ಪ್ರಶ್ನೆ: "ಪ್ರಾಜೆಕ್ಟ್‌ನ ಅಧಿಕಾರ ಈಗ ಯಾವ ಪ್ರೊಸೆಸ್‌ಗಳ ಕೈಯಲ್ಲಿದೆ?" ಇದಕ್ಕೆ ಮನುಷ್ಯರನ್ನು ಕೇಳಿ ಪ್ರಯೋಜನ ಇಲ್ಲ. ಒಂದೊಂದು ಪ್ರೊಸೆಸ್‌ನ ಸ್ಟೇಟಸ್ ಫೈಲ್‌ನಲ್ಲಿ ಜಿಐಡಿ ಸಾಲು, ಗ್ರೂಪ್ಸ್ ಸಾಲು ಎರಡನ್ನೂ ನೋಡಬೇಕು. ಆಕ್‌ಗೆ ಹೇಳಬೇಕಾದ್ದು ಇಷ್ಟೇ: ಈ ಎರಡು ಪದಗಳಿಂದ ಶುರುವಾಗುವ ಸಾಲು ಸಿಕ್ಕರೆ, ಅದರ ನಂಬರ್‌ಗಳನ್ನು ಒಂದೊಂದಾಗಿ ತೆಗೆದು 1500ಕ್ಕೆ ಸಮವಾ ನೋಡು, ಸಮ ಇದ್ದರೆ ಫೈಲ್‌ನ ಹೆಸರು ಹೇಳು. ಗ್ರೆಪ್‌ನಲ್ಲಿ ಸುಮ್ನೆ 1500 ಅಂತ ಹುಡುಕಲು ಹೋಗಬೇಡಿ. 11500, 15001 ಎಲ್ಲ ಬಂದು ವಕ್ಕರಿಸುತ್ತವೆ. ಪಿಎಸ್‌ನಲ್ಲೇ ನೋಡಬೇಕು ಅಂದರೆ ಮೈನಸ್ ಓ ಆಪ್ಷನ್‌ನಲ್ಲಿ ಎಸ್‌ಯುಪಿಜಿಆರ್‌ಪಿ ಅನ್ನುವ ಕಾಲಂ ಕೇಳಿ, ಹೆಚ್ಚುವರಿ ಗ್ರೂಪ್‌ಗಳ ಹೆಸರುಗಳು ಬರುತ್ತವೆ. ಕಾಲಂ ಹೆಸರಿನ ಮುಂದೆ ಕೋಲನ್ ಹಾಕಿ 60 ಅಂತ ಅಗಲ ಕೊಡಿ. ಇಲ್ಲದಿದ್ದರೆ ಉದ್ದದ ಪಟ್ಟಿ ಪೂರ್ತಿ ಕಾಣದೆ ಹೋಗಬಹುದು. ಟಾಪ್‌ನಲ್ಲೂ ಗ್ರೂಪ್ ಕಾಲಂ ಇದೆ, ಅದು ತೋರಿಸುವುದು ಎಫೆಕ್ಟಿವ್ ಒಂದನ್ನೇ.

ಮೂರನೇ ಪ್ರಶ್ನೆ, ರಿಯಲ್ ಅಥವಾ ಎಫೆಕ್ಟಿವ್ ಜಿಐಡಿ ಇಂಥದ್ದೇ ಇರುವ ಪ್ರೊಸೆಸ್ ಯಾವುದು ಅನ್ನುವುದು. ಅದಕ್ಕೆ ಮೊದಲು ಹೇಳಿದ ಪಿಎಸ್ ಆಪ್ಷನ್‌ಗಳೇ ಸಾಕು. ಸರ್ವಿಸ್‌ಗಳನ್ನು ಹುಡುಕುವಾಗ ಇದು ಕೆಲಸಕ್ಕೆ ಬರುತ್ತದೆ. ವೆಬ್ ಸರ್ವರ್, ಮೇಲ್ ಸರ್ವರ್ ಇವಕ್ಕೆಲ್ಲ ತಮ್ಮದೇ ಪ್ರೈಮರಿ ಗ್ರೂಪ್ ಇರುತ್ತದೆ.

ಈ ಯಾವ ದಾರಿಯಲ್ಲಿ ಹೋದರೂ ಇನ್ನೊಂದು ಪರದೆ ಅಡ್ಡ ಬರಬಹುದು. ಲಿನಕ್ಸ್ 3.3ರಿಂದ ಪ್ರೊಕ್‌ಗೆ ಹೈಡ್‌ಪಿಐಡಿ ಅನ್ನುವ ಸೆಟ್ಟಿಂಗ್ ಇದೆ. ಅದನ್ನು 2 ಅಂತ ಇಟ್ಟರೆ ಬೇರೆಯವರ ಪ್ರೊಸೆಸ್‌ಗಳು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ರೂಟ್‌ಗೆ ಕಾಣುತ್ತವೆ. ಜೊತೆಗೆ, ಇಂಥ ಗ್ರೂಪ್‌ನವರಿಗೆ ಕಾಣಲಿ ಅಂತಲೂ ಹೇಳಬಹುದು. ಗ್ರೂಪ್ ಹಿಡಿದು ಪ್ರೊಸೆಸ್ ಹುಡುಕಲು ಮೊದಲು ನೀವೇ ಸರಿಯಾದ ಗ್ರೂಪ್‌ನಲ್ಲಿ ಇರಬೇಕು!

ಮೊದಲ ಮತ್ತು ಎರಡನೇ ಪ್ರಶ್ನೆಗೆ ಉತ್ತರ ಒಂದೇ ಬರಬೇಕಲ್ವಾ ಅಂತ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಬರಲೇಬೇಕೆಂದಿಲ್ಲ.

ಕರ್ನೆಲ್ ಗ್ರೂಪ್ ಫೈಲ್ ಅನ್ನು ಎಂದೂ ಓದುವುದಿಲ್ಲ. ನೀವು ಲಾಗಿನ್ ಆದಾಗ, ಲಾಗಿನ್ ಮಾಡಿಸುವ ಪ್ರೋಗ್ರಾಂ ಆ ಪಟ್ಟಿ ಓದಿ, ನಿಮ್ಮ ಮೊದಲ ಪ್ರೊಸೆಸ್‌ಗೆ ಗ್ರೂಪ್‌ಗಳನ್ನು ಅಂಟಿಸುತ್ತದೆ. ಅಲ್ಲಿಂದ ಮುಂದೆ ತಾಯಿಯಿಂದ ಮಕ್ಕಳಿಗೆ ಅದು ಹರಿದು ಬರುತ್ತದೆ. ಆಮೇಲೆ ಫೈಲ್‌ನಲ್ಲಿ ಏನು ಬದಲಾದರೂ ಈಗಾಗಲೇ ಓಡುತ್ತಿರುವ ಪ್ರೊಸೆಸ್‌ಗೆ ಗೊತ್ತಾಗುವುದಿಲ್ಲ. ಡಾಕರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡವರು ಇದನ್ನು ಅನುಭವಿಸಿರುತ್ತಾರೆ. ಯೂಸರ್‌ಮಾಡ್ ಕೊಟ್ಟು ಡಾಕರ್ ಗ್ರೂಪ್‌ಗೆ ಸೇರಿಕೊಂಡರೂ ಪರ್ಮಿಷನ್ ಇಲ್ಲ ಅನ್ನುತ್ತದೆ. ಲಾಗೌಟ್ ಆಗಿ ವಾಪಸ್ ಬಂದರೆ ಸರಿಹೋಗುತ್ತದೆ. ನಡುವೆ ಐಡಿ ಅನ್ನುವ ಕಮಾಂಡ್ ಎರಡು ರೀತಿ ಕೊಟ್ಟು ನೋಡಿ. ಬರೀ ಐಡಿ ಅಂದರೆ ಆ ಶೆಲ್‌ನ ಕೈಯಲ್ಲಿರುವ ಗ್ರೂಪ್‌ಗಳು ಬರುತ್ತವೆ. ಐಡಿ ರವಿ ಅಂದರೆ ಫೈಲ್‌ನಲ್ಲಿರುವುದು ಬರುತ್ತದೆ. ಒಬ್ಬನೇ ರವಿ, ಎರಡು ಉತ್ತರ. (ಯೂಸರ್‌ಮಾಡ್‌ನಲ್ಲಿ ಕ್ಯಾಪಿಟಲ್ ಜಿ ಜೊತೆ ಸ್ಮಾಲ್ ಎ ಹಾಕಲು ಮರೆಯಬೇಡಿ. ಮರೆತರೆ ಹಳೆಯ ಹೆಚ್ಚುವರಿ ಗ್ರೂಪ್‌ಗಳೆಲ್ಲ ಹೋಗಿ ಹೊಸದೊಂದೇ ಉಳಿಯುತ್ತದೆ. ಅದರಲ್ಲಿ ನಿಮ್ಮ ಸುಡೋ ಕೂಡ ಹೋಗಬಹುದು.)

ಸೇರಿಸುವಾಗ ಇದು ಬರೀ ಕಿರಿಕಿರಿ. ತೆಗೆಯುವಾಗ ಗಂಭೀರ. ಒಬ್ಬರನ್ನು ಗ್ರೂಪ್‌ನಿಂದ ತೆಗೆದ ಮೇಲೂ, ಅವರು ಮೊದಲೇ ಶುರು ಮಾಡಿಟ್ಟ ಪ್ರೊಸೆಸ್‌ಗಳಲ್ಲಿ ಆ ಗ್ರೂಪ್ ಹಾಗೇ ಕೂತಿರುತ್ತದೆ. ಲಾಗೌಟ್ ಆದರೂ ಶೆಲ್‌ಗಳನ್ನು ಜೀವಂತ ಇಡುವ ಟೀಮಕ್ಸ್‌ನಂಥದ್ದು ಇದ್ದರಂತೂ ಕೇಳುವುದೇ ಬೇಡ. ಅದರ ಸರ್ವರ್ ಪ್ರೊಸೆಸ್ ತಿಂಗಳುಗಟ್ಟಲೆ ಬದುಕಿರುತ್ತದೆ, ಅದರಲ್ಲಿ ತೆರೆದ ಹೊಸ ಕಿಟಕಿಗೂ ಹಳೆಯ ಗ್ರೂಪ್‌ಗಳೇ ಬರುತ್ತವೆ. ಸದಸ್ಯರ ಪಟ್ಟಿ ಹಿಡಿದು ಹುಡುಕಿದರೆ ಅವರ ಹೆಸರೇ ಅಲ್ಲಿ ಇರುವುದಿಲ್ಲ, ಹಾಗಾಗಿ ಸಿಗುವುದಿಲ್ಲ. ಪ್ರೊಸೆಸ್‌ಗಳ ಜೇಬು ತಡಕಿದರೆ ಮಾತ್ರ ಸಿಗುತ್ತಾರೆ. ಅಧಿಕಾರ ಕಿತ್ತುಕೊಳ್ಳಬೇಕು ಅಂದರೆ ಆ ಪ್ರೊಸೆಸ್ ನಿಲ್ಲಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗನಿಗೆ ಎರಡೂ ದಾರಿ ನೋಡು ಅಂದೆ. ಫೋನ್ ಸ್ಪೀಕರ್‌ಗೆ ಹಾಕಿ ಟೈಪ್ ಮಾಡಿದ. ಸದಸ್ಯರ ಪಟ್ಟಿ ಹಿಡಿದು ಹುಡುಕಿದ್ದಕ್ಕೆ ಏಳು ಪ್ರೊಸೆಸ್ ಬಂದವು. ಇಬ್ಬರ ಪೈಥಾನ್ ಲೆಕ್ಕಗಳು, ಒಂದು ಮರೆತುಹೋದ ಎಡಿಟರ್. ಪ್ರೊಕ್ ತಡಕಿದ್ದಕ್ಕೆ ಹತ್ತು ಬಂದವು. ಜಾಸ್ತಿ ಬಂದ ಮೂರೂ ಒಬ್ಬರದ್ದೇ, ಟೀಮಕ್ಸ್ ಮತ್ತು ಅದರ ಎರಡು ಶೆಲ್.

"ಸಾರ್, ಇವರು ಬೇರೆ ಟೀಮಿಗೆ ಹೋಗಿ ಎರಡು ತಿಂಗಳಾಯ್ತು. ಗ್ರೂಪಿಂದ ನಾನೇ ತೆಗ್ದಿದ್ದೆ."

"ಕೊನೆಗೆ ಆ ಡಿಸ್ಕ್‌ನ ಮೌಂಟ್ ಮೇಲೆ ಫ್ಯೂಸರ್ ಮೈನಸ್ ವಿಎಂ ಕೊಡು," ಅಂದೆ. ಗ್ರೂಪ್ ಯಾವುದೇ ಇರಲಿ, ಆ ಡಿಸ್ಕ್ ಅನ್ನು ಹಿಡಿದುಕೊಂಡಿರುವವರು ಯಾರು ಅಂತ ಅದು ನೇರವಾಗಿ ಹೇಳುತ್ತದೆ. ನಿಜ ಹೇಳಬೇಕೆಂದರೆ ಡಿಸ್ಕ್ ಬದಲಾಯಿಸುವವರು ಮೊದಲು ಕೇಳಬೇಕಾದ್ದೇ ಅದನ್ನು. ಪೈಥಾನ್‌ಗಳು ಅಲ್ಲಿದ್ದವು. ಟೀಮಕ್ಸ್‌ನ ಒಂದು ಶೆಲ್ ಕೂಡ ಅದೇ ಡಿಸ್ಕ್‌ನ ಒಂದು ಡೈರೆಕ್ಟರಿಯಲ್ಲಿ ಎರಡು ತಿಂಗಳಿಂದ ಆರಾಮಾಗಿ ಕೂತಿತ್ತು.

ಡಿಸ್ಕ್ ಬದಲಾಯಿಸಿದ್ದು ಮಾರನೇ ದಿನ ಸಂಜೆ, ಇಬ್ಬರ ಲೆಕ್ಕವೂ ಮುಗಿದ ಮೇಲೆ.